ಜೇಬಿನ ಚಾಕು: ಅಗ್ಗದ್ದೇ ತುಟ್ಟಿ ಆದೀತು, ನೋಡಿ ಕೊಳ್ಳಿ

ಜತ್ತ: ಅಕ್ಟೋಬರ್ ಬಂತೆಂದರೆ ಜತ್ತ ತಾಲೂಕಿನ ದ್ರಾಕ್ಷಿ ತೋಟಗಳಲ್ಲಿ ಛಾಟಣಿ ಗಡಿಬಿಡಿ. ಅದಕ್ಕೂ ಮೊದಲು ಆಗಸ್ಟ್-ಸೆಪ್ಟೆಂಬರದಾಗ ಹೊಸ ತೋಟದವರಿಗೆ ಕಸಿ ಕಟ್ಟುವ ಕೆಲಸ. ಅತ್ತ ಸಾಂಗೋಲಾ, ಮಂಗಳವೇಢಾ ಕಡೆ ದಾಳಿಂಬೆ. ಈ ಎಲ್ಲ ಕಡೆ ರೈತನ ಜೇಬಿನಲ್ಲಿ ಮೊಬೈಲಿನ ಜೊತೆ ಇರುವ ಇನ್ನೊಂದು ಸಾಮಾನು ಎಂದರೆ ಮಡಚುವ ಚಾಕು. ಸುತಳಿ ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು, ಡ್ರಿಪ್ ಪೈಪು ಕತ್ತರಿಸಲು, ಕಡೆಗೆ ಬುತ್ತಿ ಜೊತೆ ಉಳ್ಳಾಗಡ್ಡಿ ಹೆಚ್ಚಲು ಕೂಡ ಅದೇ.

ಆದರೆ ಕೊಳ್ಳುವಾಗ ಮಾತ್ರ ‘ಎಷ್ಟಕ್ಕ?’ ಅನ್ನೋದೊಂದೇ ಪ್ರಶ್ನೆ. ಸಂತೆಯಲ್ಲಿ ತಾಡಪತ್ರಿ ಮೇಲೆ ಹರವಿದ ಚಾಕು ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಸಾಂಗಲಿ, ಸೋಲಾಪುರದ ದೊಡ್ಡ ಅಂಗಡಿಯಲ್ಲಿ ಅದರಂತೆಯೇ ಕಾಣುವುದಕ್ಕೆ ಐದಾರು ನೂರು. ಪರದೇಶದ್ದಾದರೆ ಸಾವಿರದ ಲೆಕ್ಕ. ಕೊಟ್ಟ ದುಡ್ಡಿಗೆ ಯಾವುದು ಸರಿ?

ಕೆಲಸ ಮೊದಲು, ಚಾಕು ಆಮೇಲೆ

ಕಸಿ ಕಟ್ಟುವ ಚಾಕುವೇ ಬೇರೆ. ಅದರ ಅಲಗು ಒಂದು ಬದಿಗೆ ಸಪಾಟ, ಇನ್ನೊಂದು ಬದಿಗೆ ಮಾತ್ರ ಇಳಿಜಾರಾಗಿ ಸಾಣೆ ಹಿಡಿದಿರುತ್ತದೆ. ಹೀಗಾಗಿ ಕೊಯ್ದ ಮೈ ಸಪಾಟಾಗಿ ಬರುತ್ತದೆ. ಡಾಗ್ರಿಜ್ ಬೇರುಸಸಿಗೆ ಬೇಕಾದ ತಳಿಯ ಕಡ್ಡಿ ಕೂಡಿಸುವಾಗ ಎರಡರ ತೊಗಟೆ ಕೆಳಗಿನ ಹಸಿರು ಪದರ ಒಂದಕ್ಕೊಂದು ತಾಗಬೇಕು. ಮೊಂಡ ಚಾಕು ಕೊಯ್ಯೋದಿಲ್ಲ, ಹಿಸುಕುತ್ತದೆ. ನಡುವೆ ಸಂದು ಉಳಿದರೆ ಕಡ್ಡಿ ಒಣಗುತ್ತದೆ. ಅಲ್ಲಿಗೆ ಆ ಬಳ್ಳಿಯ ಒಂದು ಹಂಗಾಮು ಹೋದಂತೆ. ಆದ್ದರಿಂದ ಕಸಿ ಚಾಕುವಿನಿಂದ ಪೈಪು, ತಂತಿ ಮುಟ್ಟಬಾರದು. ಅದಕ್ಕೆಲ್ಲ ಎರಡೂ ಬದಿ ಸಾಣೆ ಇರುವ ಸಾದಾ ಚಾಕು ಸಾಕು.

ಚುಂಬಕದ ತಪ್ಪು ಲೆಕ್ಕ

‘ಒಳ್ಳೇ ಸ್ಟೀಲಿಗೆ ಚುಂಬಕ ಹಿಡಿಯೋದಿಲ್ಲ’ ಎಂಬುದು ಪಾತ್ರೆ ಅಂಗಡಿಯ ಮಾತು. ಚಾಕುವಿನ ವಿಷಯದಲ್ಲಿ ಇದು ಉಲ್ಟಾ. ಚುಂಬಕ ಹಿಡಿಯದ ಪಾತ್ರೆಯ ಸ್ಟೀಲನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲು ಬರುವುದಿಲ್ಲ, ಅದರ ಹರಿತ ನಿಲ್ಲೋದಿಲ್ಲ. ಚಾಕುವಿಗೆ ಬಳಸುವ, ಗಟ್ಟಿಯಾಗುವ ಸ್ಟೇನ್‌ಲೆಸ್‌ಗೆ ಚುಂಬಕ ಹಿಡಿಯುತ್ತದೆ. ಹಾಗಂತ ಚುಂಬಕ ಹಿಡಿದದ್ದೆಲ್ಲ ಒಳ್ಳೆಯದು ಎಂದೂ ಅಲ್ಲ, ಮೆತ್ತನ್ನ ಕಬ್ಬಿಣಕ್ಕೂ ಹಿಡಿಯುತ್ತದೆ. ಹಿಡಿಯದಿದ್ದರೆ ಮಾತ್ರ ಆ ಚಾಕು ಬಿಟ್ಟುಬಿಡ್ರಿ.

ಟ್ರಕ್ಕಿನ ಹಳೆ ಪಾಟಾ ಬಡಿದು ಕಮ್ಮಾರರು ಮಾಡುವ ಅಲಗು ಕಾರ್ಬನ್ ಹೆಚ್ಚಿರುವ ಉಕ್ಕು. ಕಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಹರಿತ ಬರುತ್ತದೆ, ಆದರೆ ತುಕ್ಕು ಬೇಗ. ದಾಳಿಂಬೆ ಸಿಪ್ಪೆಯ ಒಗರು ತಾಗಿದರೆ ಕಪ್ಪಾಗುತ್ತದೆ. ಇನ್ನೊಂದು ಮಾತು: ದಾಳಿಂಬೆಯ ತೇಲ್ಯಾ ರೋಗ ಕತ್ತರಿ, ಚಾಕುಗಳಿಂದಲೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಅದಕ್ಕೇ ಆಯುಧಗಳನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಈ ದ್ರಾವಣ ಸಾದಾ ಉಕ್ಕನ್ನು ತಿಂದುಹಾಕುತ್ತದೆ. ದಾಳಿಂಬೆ ಬೆಳೆಗಾರರು ಸ್ಟೇನ್‌ಲೆಸ್ ತೆಗೆದುಕೊಳ್ಳುವುದೇ ಲೇಸು. ಕೆಲಸ ಮುಗಿದ ಮೇಲೆ ಅದನ್ನೂ ನೀರಿನಲ್ಲಿ ತೊಳೆದು ಒರೆಸಬೇಕು.

ಅಂಗಡಿಯಲ್ಲೇ ಪರೀಕ್ಷೆ

ಚಾಕು ತೆರೆದು ಅಲಗನ್ನು ಅತ್ತಿತ್ತ ಅಲುಗಿಸಿ ನೋಡ್ರಿ. ಹೊಸದರಲ್ಲೇ ರಿವೆಟ್ ಸಡಿಲಿದ್ದರೆ ಮುಂದೆ ಕೇಳೋದೇ ಬೇಡ. ಬೆಳಕಿಗೆ ಹಿಡಿದು ಅಲಗಿನ ಬಾಯಿ ನೋಡಿದರೆ ಮೊಂಡಾದಲ್ಲಿ ಬೆಳ್ಳಗೆ ಮಿಂಚುತ್ತದೆ, ಹರಿತ ಇದ್ದಲ್ಲಿ ಮಿಂಚು ಕಾಣುವುದಿಲ್ಲ. ಹಳೆ ಪೇಪರ್ ಕೊಯ್ದರೆ ಹರಿಯದೆ ನೆಟ್ಟಗೆ ಕತ್ತರಿಸಬೇಕು. ಮಡಚಿದಾಗ ಅಲಗಿನ ತುದಿ ಹಿಡಿಯಿಂದ ಹೊರಗೆ ಇಣುಕಬಾರದು. ಇಣುಕಿದರೆ ಜೇಬಿಗೂ ಕೈಗೂ ಕುತ್ತು.

ಎಲ್ಲಕ್ಕಿಂತ ಮುಖ್ಯ ಲಾಕ್. ಬೆರಳು ದೂರ ಇಟ್ಟುಕೊಂಡು ಅಲಗಿನ ಬೆನ್ನನ್ನು ಕಟ್ಟಿಗೆಗೆ ಮೆಲ್ಲಗೆ ಒತ್ತಿದರೆ ಅದು ಮಡಚಬಾರದು. ಕೆಲಸದ ನಡುವೆ ಚಾಕು ಮಡಚಿ ಬೆರಳು ಕೊಯ್ದರೆ ಕೂಲಿಯವನಿಗೆ ದವಾಖಾನೆ ಖರ್ಚು ಒಂದು ಕಡೆ, ಛಾಟಣಿ ಹಂಗಾಮಿನ ಪಗಾರ ಹೋದದ್ದು ಇನ್ನೊಂದು ಕಡೆ.

ಲೆಕ್ಕ ಹೀಗಿದೆ

ಉದಾಹರಣೆಗೆ, 100 ರೂಪಾಯಿ ಚಾಕು ಆರು ತಿಂಗಳು ಬಂದರೆ ವರ್ಷಕ್ಕೆ 200 ರೂಪಾಯಿ. 600 ರೂಪಾಯಿಯದು ಎಂಟು ವರ್ಷ ಬಂದರೆ ಸವಕಳಿ ವರ್ಷಕ್ಕೆ 75. ವರ್ಷದಲ್ಲಿ ನಾಲ್ಕು ಸಲ 30 ರೂಪಾಯಿಯಂತೆ ಸಾಣೆ ಹಿಡಿಸಿದರೆ 120. ಒಟ್ಟು 195, ಅಂದರೆ ಹೆಚ್ಚುಕಡಿಮೆ ಸಮ! ಆದರೆ 200 ರೂಪಾಯಿಯ ಸಾಣೆಕಲ್ಲು ತಂದು ಮನೆಯಲ್ಲೇ ತಿಕ್ಕಿಕೊಂಡರೆ ಅದೇ ಎಂಟು ವರ್ಷಕ್ಕೆ ಹಂಚಿದಾಗ ವರ್ಷಕ್ಕೆ 25 ಮಾತ್ರ. ಒಟ್ಟು 100 ರೂಪಾಯಿ, ಅಗ್ಗದ ಚಾಕುವಿನ ಅರ್ಧ. ದುಬಾರಿ ಚಾಕುವಿನ ಲಾಭ ಸಾಣೆ ಕಲಿತವನಿಗೇ ಹೊರತು ಬರೀ ಕೊಂಡವನಿಗಲ್ಲ. ವರ್ಷಕ್ಕೆರಡು ಚಾಕು ಹೊಲದಲ್ಲಿ ಬಿಟ್ಟು ಬರುವವರಿಗೆ ನೂರರದ್ದೇ ಸರಿ.

ಪರದೇಶದ್ದು ಬೇಕೇ?

ಸ್ವಿಸ್ ಚಾಕು ಎಂದು ಹೆಸರಾದ ವಿಕ್ಟೋರಿನಾಕ್ಸ್ ಕಾರ್ಖಾನೆಯನ್ನು ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದರು. ಅವರ ಅನೇಕ ಆಯುಧಗಳ ಅಧಿಕಾರಿ ಚಾಕು 1897ರದು. ತಯಾರಿಕೆ ಅಚ್ಚುಕಟ್ಟು, ಸಂಶಯ ಬೇಡ. ಆದರೆ ಜೇಬಿನ ಸಣ್ಣ ಮಾದರಿಗಳಲ್ಲಿ ಅಲಗಿಗೆ ಲಾಕ್ ಇಲ್ಲ, ಸ್ಪ್ರಿಂಗಿನ ಬಿಗಿ ಮಾತ್ರ. ಕತ್ತರಿ, ಸ್ಕ್ರೂ ಡ್ರೈವರ್, ಡಬ್ಬಿ ತೆರೆಯುವುದು ದಿನಾ ಬಳಸುವ ಮೋಟಾರ್ ರಿಪೇರಿಯವರಿಗೆ, ಪ್ರವಾಸದವರಿಗೆ ಆ ಬೆಲೆ ಕೂಡಿಬರುತ್ತದೆ. ಬರೀ ಸುತಳಿ ಕೊಯ್ಯುವವನು ಉಳಿದ ಹತ್ತು ಆಯುಧಕ್ಕೆ ಸುಮ್ಮನೆ ದುಡ್ಡು ಕೊಟ್ಟಂತೆ. ಅದೇ ನಮೂನೆಯ ಅಗ್ಗದ ನಕಲಿಯಲ್ಲಿ ಹನ್ನೊಂದು ಆಯುಧ ಇದ್ದರೂ ಒಂದೂ ಗಟ್ಟಿ ಇರೋದು ಕಷ್ಟ.

ಕಾಯ್ದೆಯ ಮಾತು

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳ ಉಲ್ಲೇಖವಿದೆ. ಮನೆಬಳಕೆ, ಬೇಸಾಯಕ್ಕೆಂದೇ ಮಾಡಿದವು ಅದರಿಂದ ಹೊರಗೆ. ಮೂರು ಇಂಚಿನ ಜೇಬಿನ ಚಾಕು ಆ ಅಳತೆಗೆ ಬರುವುದಿಲ್ಲ. ಆದರೆ ಜಾತ್ರೆ, ಚುನಾವಣೆ ವೇಳೆ ಪೊಲೀಸರು ನಿರ್ಬಂಧದ ಆದೇಶ ಹೊರಡಿಸಿದಾಗ ಅದನ್ನು ಮನೆಯಲ್ಲೇ ಬಿಡುವುದು ಜಾಣತನ. ಬಟನ್ ಒತ್ತಿದರೆ ಛಕ್ಕನೆ ತೆರೆಯುವ ಚಾಕು ಹೊಲದ ಕೆಲಸಕ್ಕೆ ಬೇಕಿಲ್ಲ, ಸುಮ್ಮನೆ ಸಂಶಯಕ್ಕೆ ದಾರಿ. ವಿಮಾನದಲ್ಲಿ ಕೈಚೀಲದೊಳಗೆ ಯಾವ ಚಾಕುವನ್ನೂ ಬಿಡುವುದಿಲ್ಲ.

ಈ ಹಂಗಾಮಿಗೆ ಚಾಕು ಕೊಳ್ಳುವವರು ಎರಡು ಮಿನಿಟು ಕೊಟ್ಟು ತೆರೆದು, ಮಡಚಿ, ಪೇಪರ್ ಕೊಯ್ದು ನೋಡಲಿ. ಅಂಗಡಿಯವರು ತೆರೆದು ನೋಡಲು ಬಿಡದಿದ್ದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.