ಗೊಬ್ಬರಗಳ ಜೋಡಿ ದುಡಿಮೆ

ಹೊಲಕ್ಕೆ ಹಾಕಿದ ಗೊಬ್ಬರವೆಲ್ಲವೂ ಬೆಳೆಗೆ ಸೇರುವುದೆಂಬುದು ಸಾಮಾನ್ಯ ನಂಬಿಕೆ. ವಾಸ್ತವ ಸ್ಥಿತಿ ಬೇರೆ. ಯೂರಿಯದ ಮೂಲಕ ಕೊಟ್ಟ ಸಾರಜನಕದಲ್ಲಿ ಅನೇಕ ವೇಳೆ ಅರ್ಧಪಾಲೂ ಸಸ್ಯಕ್ಕೆ ದೊರೆಯುವುದಿಲ್ಲ. ಉಳಿದುದು ಏನಾಗುತ್ತದೆ? ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಮಳೆಯಾಶ್ರಯದ ರಾಗಿಗೆ ಹೆಕ್ಟೇರಿಗೆ 50 ಕಿಲೋಗ್ರಾಂ ಸಾರಜನಕ ಬೇಕೆಂದು ಇಟ್ಟುಕೊಳ್ಳಿ. ಯೂರಿಯದಲ್ಲಿ ಶೇಕಡ 46ರಷ್ಟು ಸಾರಜನಕವಿರುವುದರಿಂದ ಸುಮಾರು 109 ಕಿಲೋಗ್ರಾಂ ಸಾಕು. ಕೊಟ್ಟಿಗೆ ಗೊಬ್ಬರದಲ್ಲಿರುವುದು ಸುಮಾರು ಶೇಕಡ ಅರ್ಧ ಮಾತ್ರ. ಆದುದರಿಂದ 10 ಟನ್ ಬೇಕು. ಅದೂ ಮೊದಲ ವರ್ಷದಲ್ಲಿಯೇ ಪೂರ್ಣವಾಗಿ ಬಿಡುಗಡೆಯಾಗದು. ಇಷ್ಟನ್ನೇ ನೋಡಿದರೆ ಯೂರಿಯವೇ ಮೇಲು. ಆದರೆ ಮಣ್ಣು ಬರಿಯ ಪಾತ್ರೆಯಲ್ಲ.

ಜೇಡಿಯ ಕಣಗಳೂ ಸಾವಯವ ವಸ್ತು ಕೊಳೆತು ಉಂಟಾದ ಹ್ಯೂಮಸ್ಸೂ ಋಣ ವಿದ್ಯುದಂಶವುಳ್ಳವು. ಧನ ವಿದ್ಯುದಂಶದ ಅಮೋನಿಯಂ, ಪೊಟ್ಯಾಸಿಯಂ ಅಯಾನುಗಳನ್ನು ಅವು ಆಕರ್ಷಿಸಿ ಹಿಡಿದಿಡುತ್ತವೆ. ಕೆಂಪು ಮಣ್ಣಿನ ಜೇಡಿಗೆ ಈ ಶಕ್ತಿ ಕಡಿಮೆ. ತೂಕಕ್ಕೆ ತೂಕ ಹೋಲಿಸಿದರೆ ಹ್ಯೂಮಸ್ಸಿಗೆ ಹಲವು ಪಟ್ಟು ಹೆಚ್ಚು. ಯೂರಿಯ ಮಣ್ಣಿನಲ್ಲಿ ಅಮೋನಿಯಂ ಆಗಿ, ಬಳಿಕ ಬ್ಯಾಕ್ಟೀರಿಯಗಳಿಂದ ನೈಟ್ರೇಟಾಗಿ ಮಾರ್ಪಡುತ್ತದೆ. ನೈಟ್ರೇಟಾದರೋ ಋಣ ಅಯಾನು. ಋಣ ಕಣಗಳು ಅದನ್ನು ಹಿಡಿಯಲಾರವು. ಬೇರು ಹೀರುವ ಮುನ್ನ ಬಿರುಮಳೆ ಬಂದರೆ ಅದು ನೀರಿನೊಡನೆ ಆಳಕ್ಕೆ ಇಳಿದುಹೋಗುತ್ತದೆ. ಸಾವಯವ ಗೊಬ್ಬರದ ಸಾರಜನಕ ಇಂಗಾಲದೊಡನೆ ಬಂಧಿತವಾಗಿದ್ದು, ಸೂಕ್ಷ್ಮಜೀವಿಗಳ ಕಾರ್ಯದಿಂದ ಮೆಲ್ಲಮೆಲ್ಲನೆ ಹೊರಬರುತ್ತದೆ.

ಹಾಗಾದರೆ ಸಾವಯವ ಗೊಬ್ಬರವೊಂದೇ ಸಾಲದೇ? ಸಾಲದು. ಬೆಳೆಯುವ ಪೈರಿಗೆ ಆಹಾರ ಸಕಾಲದಲ್ಲಿ ಬೇಕು. ಮೇಲಾಗಿ, ಸರಿಯಾಗಿ ಕೊಳೆಯದ ಹುಲ್ಲನ್ನು ಮಣ್ಣಿಗೆ ಸೇರಿಸಿದರೆ, ಅದರಲ್ಲಿ ಇಂಗಾಲ ಅಧಿಕವಾಗಿ ಸಾರಜನಕ ಕಡಿಮೆಯಾಗಿರುವುದರಿಂದ, ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಾತ್ಕಾಲಿಕವಾಗಿ ಕಬಳಿಸುತ್ತವೆ. ಈ ಕೊರತೆಯನ್ನು ರಾಸಾಯನಿಕ ಗೊಬ್ಬರ ತುಂಬಬಲ್ಲುದು.

ಇದು ಬರಿಯ ತರ್ಕವಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1978ರಲ್ಲಿ ರಾಗಿಯ ದೀರ್ಘಕಾಲದ ಪ್ರಯೋಗವೊಂದು ಆರಂಭವಾಯಿತು. ರಾಸಾಯನಿಕ ಗೊಬ್ಬರವನ್ನಷ್ಟೇ ಪಡೆದ ತಾಕುಗಳಲ್ಲಿ ವರ್ಷಗಳು ಕಳೆದಂತೆ ಇಳುವರಿ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಡನೆ ರಾಸಾಯನಿಕ ಗೊಬ್ಬರವನ್ನೂ ಪಡೆದ ತಾಕುಗಳ ಇಳುವರಿ ಎಲ್ಲಕ್ಕಿಂತ ಮೇಲಾಗಿ ನಿಂತಿತು.

ಆದುದರಿಂದ ಚೆನ್ನಾಗಿ ಕೊಳೆತ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಬೆರೆಸಿ, ಯೂರಿಯವನ್ನು ಒಮ್ಮೆಗೇ ಸುರಿಯದೆ, ಬಿತ್ತುವಾಗ ಅರ್ಧ, ಸುಮಾರು ಒಂದು ತಿಂಗಳ ಬಳಿಕ ಮಣ್ಣು ಹಸಿಯಾಗಿರುವಾಗ ಉಳಿದರ್ಧ ಕೊಡುವುದು ಯುಕ್ತ. ರೈತನು ಹಣ ತೆತ್ತು ತಂದ ಸಾರಜನಕ ಅಂತರ್ಜಲಕ್ಕೆ ಇಳಿದುಹೋದರೆ ಬೆಳೆಗೆ ಆಹಾರ ತಪ್ಪುವುದಲ್ಲದೆ, ಊರಿನ ಕುಡಿಯುವ ನೀರೂ ಕೆಡುತ್ತದೆ.