ಲೇಸರ್ ಡಯೋಡ್‌ಗೆ ನಮ್ಮ ಬೆರಳೇ ಸಿಡಿಲು

ವಿಜ್ಞಾನ ಪ್ರದರ್ಶನ ಬಂತೆಂದರೆ ಲೇಸರ್ ಅಲಾರಂ ಮಾಡುವವರು ಒಬ್ಬಿಬ್ಬರಾದರೂ ಇರುತ್ತಾರೆ. ಸರ್ಕ್ಯೂಟ್ ಸರಿಯಿದ್ದರೂ ಕೆಲವೊಮ್ಮೆ ಲೇಸರ್ ಮಂಕಾಗಿ ಉರಿಯುತ್ತದೆ. ಬೈಗುಳ ಅಂಗಡಿಯವನಿಗೆ ಬೀಳುತ್ತದೆ. ಆದರೆ ಎಷ್ಟೋ ಸಲ ಡಯೋಡ್ ಸತ್ತಿರುವುದು ನಮ್ಮ ಬೆರಳಿನಿಂದ. ನಾನು ಕಾಮರ್ಸ್ ವಿದ್ಯಾರ್ಥಿ, ಎಲೆಕ್ಟ್ರಾನಿಕ್ಸ್ ನನ್ನ ಹವ್ಯಾಸ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುವುದು ಸ್ಥಿರ ವಿದ್ಯುತ್. ಅದರ ಚುರುಕು ನಮಗೆ ತಿಳಿಯಲು ಸುಮಾರು 3,000 ವೋಲ್ಟ್ ಬೇಕು. ಎಂಜಿನಿಯರುಗಳು ಪರೀಕ್ಷೆಗಾಗಿ ಮನುಷ್ಯನ ದೇಹವನ್ನು 100 ಪಿಕೋಫ್ಯಾರಡ್ ಕೆಪಾಸಿಟರ್ ಮತ್ತು 1,500 ಓಮ್ ರೆಸಿಸ್ಟರ್ ಎಂದು ಎಣಿಸುತ್ತಾರೆ. 3,000 ಭಾಗಿಸು 1,500, ಅಂದರೆ 2 ಆಂಪಿಯರ್. ಚಿಕ್ಕ ಕೆಂಪು ಲೇಸರ್ ಡಯೋಡ್‌ಗೆ ಬೇಕಾದದ್ದು ಸುಮಾರು 30 ಮಿಲಿಆಂಪಿಯರ್ ಮಾತ್ರ. 60 ಪಟ್ಟಿಗಿಂತಲೂ ಹೆಚ್ಚಾಯಿತು! ಇದೆಲ್ಲ ಸೆಕೆಂಡಿನ ಕೋಟಿಯಲ್ಲಿ ಒಂದೆರಡು ಭಾಗದಲ್ಲಿ ಮುಗಿಯುತ್ತದೆ. ಡಯೋಡ್ ಹಾಳಾಗಲು ಅಷ್ಟು ಸಾಕು. ನಮಗೆ ಗೊತ್ತೇ ಆಗದ ಕೆಲವು ನೂರು ವೋಲ್ಟ್ ಕೂಡ ಅದಕ್ಕೆ ಅಪಾಯವೇ.

ಸಾಮಾನ್ಯ ಎಲ್‌ಇಡಿ ತಾಳಿಕೊಳ್ಳುವುದನ್ನು ಲೇಸರ್ ಏಕೆ ತಾಳುವುದಿಲ್ಲ? ಲೇಸರ್ ಹರಳಿನ ಎರಡು ತುದಿಗಳು ಕನ್ನಡಿಗಳಂತೆ ಕೆಲಸ ಮಾಡುತ್ತವೆ. ಕರೆಂಟ್ ಏರಿದರೆ ಬೆಳಕೂ ಏರಿ, ಆ ಸೂಕ್ಷ್ಮ ಕನ್ನಡಿ ಕರಗಿ ಹೋಗುತ್ತದೆ. ಆಮೇಲೆ ಅದು ಬರೀ ಮಂಕು ಎಲ್‌ಇಡಿ. ಕೆಲವೊಮ್ಮೆ ಪೆಟ್ಟು ಬಿದ್ದ ಡಯೋಡ್ ಕೆಲವು ದಿನ ಚೆನ್ನಾಗಿಯೇ ಉರಿದು ನಂತರ ಸಾಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಾಣದ ನಷ್ಟದ ಹಾಗೆ.

ಏನು ಮಾಡಬೇಕು?

1. ಡಯೋಡ್‌ನ ಕಾಲುಗಳಿಗೆ ತೆಳು ತಂತಿ ಸುತ್ತಿ ಒಂದಕ್ಕೊಂದು ಸೇರಿಸಿ. ಬೆಸುಗೆ ಮುಗಿದ ಮೇಲೆಯೇ ಬಿಚ್ಚಿ.

2. ಅರ್ತ್‌ಗೆ ಜೋಡಿಸಿದ ಮಣಿಕಟ್ಟಿನ ಪಟ್ಟಿ ಧರಿಸಿ. ಅದರಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರಲೇಬೇಕು. ಆಗ ಅಕಸ್ಮಾತ್ 230 ವೋಲ್ಟ್ ತಗುಲಿದರೂ ಪಟ್ಟಿಯ ಮೂಲಕ ಹರಿಯುವುದು 0.23 ಮಿಲಿಆಂಪಿಯರ್ ಅಷ್ಟೇ. ಬರೀ ತಂತಿ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ.

3. ಮೂರು ಪಿನ್ನಿನ, ಅರ್ತ್ ಇರುವ ಸೋಲ್ಡರಿಂಗ್ ಐರನ್ ಬಳಸಿ. ಸಾಕೆಟ್‌ನಲ್ಲಿ ಅರ್ತ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ.

4. ಮೊದಲು ಡಯೋಡ್ ಜೋಡಿಸಿ, ಕೊನೆಗೆ ಪವರ್ ಕೊಡಿ. ಚಾಲೂ ಇರುವ ಡ್ರೈವರ್‌ಗೆ ಜೋಡಿಸಿದರೆ ಅದರ ಕೆಪಾಸಿಟರಿನಲ್ಲಿ ತುಂಬಿದ್ದೆಲ್ಲ ಒಮ್ಮೆಲೇ ಡಯೋಡ್‌ಗೆ ನುಗ್ಗುತ್ತದೆ.

5. ಡಯೋಡ್‌ಗೆ ಅಡ್ಡಲಾಗಿ, ಉಲ್ಟಾ ದಿಕ್ಕಿನಲ್ಲಿ ಒಂದು ಷಾಟ್ಕಿ ಡಯೋಡ್, ಜೊತೆಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕೆಂಪು ಲೇಸರ್ ಸಾಮಾನ್ಯವಾಗಿ ಉಲ್ಟಾ ತಾಳುವುದು 2 ವೋಲ್ಟ್ ಮಾತ್ರ.

ಹವೆ ಒಣಗಿದಷ್ಟೂ ಈ ಎಚ್ಚರ ಹೆಚ್ಚಿರಲಿ. ಪ್ಲಾಸ್ಟಿಕ್ ಕುರ್ಚಿ, ಸಿಂಥೆಟಿಕ್ ಬಟ್ಟೆ ಬೇಡ. ಇನ್ನೊಂದು ಮಾತು: ಉರಿಯುತ್ತಿರುವ ಲೇಸರ್ ಒಳಗೆ ಯಾವತ್ತೂ ಇಣುಕಬೇಡಿ. ಡಯೋಡ್ ಹೋದರೆ ಇನ್ನೊಂದು ತರಬಹುದು, ಕಣ್ಣು ತರಲಾಗುವುದಿಲ್ಲ.