ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು? ಮಧ್ಯಾಹ್ನ ಹೊರಟ ಮಗಳು ಅದೇ ದಿನ ಸಂಜೆ ತಲುಪಿದೆ ಅಂದಳು, ಅದು ಹೇಗೆ?

ಉತ್ತರ: ಎರಡೂ ಊರುಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಹೋದರೆ ಹದಿನಾರು ಗಂಟೆಯ ಆಸುಪಾಸು.

ಮಗಳು ಹೇಳಿದ್ದು ನಿಜ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಹದಿನಾರು ಗಂಟೆ ಹಾರಿದರೂ ಗಡಿಯಾರದ ಲೆಕ್ಕದಲ್ಲಿ ಕಳೆಯುವುದು ಎರಡು ಮೂರು ಗಂಟೆ ಮಾತ್ರ. ವಾಪಸು ಬರುವಾಗ ಇದೇ ಲೆಕ್ಕ ತಿರುಗಿ, ಒಂದು ಇಡೀ ತಾರೀಖು ಕೈತಪ್ಪಿದಂತಾಗುತ್ತದೆ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿಗೆ ಇಳಿದದ್ದು 11ರ ಬೆಳಗಿನ ಜಾವ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳುತನದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರೇ. ಹಾರಿದ್ದು ಉತ್ತರ ಧ್ರುವದ ಮೇಲಿಂದ. ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ.

ಧ್ರುವದ ಕಡೆ ಏಕೆ ಎನ್ನುತ್ತೀರಾ? ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಉತ್ತರ ಧ್ರುವದ ಕಡೆಗೇ ಸರಿಯುತ್ತದೆ. ಆದರೆ ಪ್ರತಿ ವಿಮಾನವೂ ಅದೇ ದಾರಿ ಹಿಡಿಯುವುದಿಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹರಿವಿದೆ. ಅದು ಬೆನ್ನಿಗೆ ಸಿಗುವಂತಿದ್ದರೆ, ದೂರ ಹೆಚ್ಚಾದರೂ ಪೆಸಿಫಿಕ್ ಸಾಗರದ ಮೇಲಿನ ದಾರಿಯಲ್ಲೇ ಹೊತ್ತೂ ಇಂಧನವೂ ಉಳಿಯುತ್ತವೆ.